ಬೆಂಗ್ರೆಯ ಹಗ್ಗ ಹಿಡಿದ ವರ್ಷ

ಮೊನ್ನೆ ಪಕ್ಕದ ಮನೆಯವರು ಬಾವಿಯ ಹೂಳು ತೆಗೆಸಿದರು. ಕೆಲಸದವರು ತಂದಿದ್ದ ತೆಂಗಿನ ನಾರಿನ ದಪ್ಪ ಹಗ್ಗ ಒದ್ದೆಯಾಗಿ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗೆ ಬಿದ್ದಿತ್ತು. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಬಕೆಟ್ ಕೆಳಗಿಟ್ಟು ಅಲ್ಲೇ ನಿಂತುಬಿಟ್ಟೆ. ಒದ್ದೆ ನಾರು, ಒಂದಿಷ್ಟು ಕೆಸರು, ಮೇಲೆ ಬಿಸಿಲು. ಅಷ್ಟೇ ಸಾಕಾಯಿತು. ನಿನ್ನೆ ಮಧ್ಯಾಹ್ನ ಉಂಡದ್ದು ಏನೆಂದು ಕೇಳಿದರೆ ತಡವರಿಸುವ ನಾನು, ಬೆಂಗ್ರೆಯ ಮರಳಿನ ಮೇಲೆ ಹಗ್ಗ ಹಿಡಿದು ನಿಂತ ಆ ವರ್ಷವನ್ನು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎನ್ನುವುದರ ಸಮೇತ ಹೇಳಬಲ್ಲೆ.

ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅರವತ್ತರ ದಶಕದ ನಡುಭಾಗ. ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ ನಡೆಯುತ್ತಿತ್ತು, ಕಲ್ಲು ಹೊತ್ತ ಲಾರಿಗಳು ಧೂಳೆಬ್ಬಿಸಿಕೊಂಡು ಓಡಾಡುತ್ತಿದ್ದವು. ಇನ್ನು ಮೇಲೆ ಇಡೀ ಜಗತ್ತು ಹಡಗು ಹತ್ತಿ ನಮ್ಮ ಮಂಗಳೂರಿಗೇ ಬರುತ್ತದೆ ಎಂದು ನಾವು ಹುಡುಗ ಹುಡುಗಿಯರು ನಂಬಿದ್ದೆವು. ಅದು ಬರುವ ತನಕ ಕಾಯುವ ತಾಳ್ಮೆ ಇಲ್ಲದವರೊಬ್ಬರು ನಮ್ಮ ಕಾಲೇಜಿನಲ್ಲಿದ್ದರು, ಅರ್ಥಶಾಸ್ತ್ರದ ಹೆಗ್ಡೆ ಸರ್. ಗದ್ದೆ, ಹಿರಿಯರ ದೊಡ್ಡ ಗುತ್ತಿನ ಮನೆ ಎಲ್ಲವನ್ನೂ ಅಣ್ಣಂದಿರಿಗೆ ಬಿಟ್ಟು, ಬಿಳಿ ಜುಬ್ಬಾ ತೊಟ್ಟು ಸೈಕಲ್ ಮೇಲೆ ಪಾಠಕ್ಕೆ ಬರುತ್ತಿದ್ದ ಮನುಷ್ಯ. ಜಗತ್ತಿನ ದೇಶಗಳೆಲ್ಲ ಒಂದೆಡೆ ಕೂತು ಹಸಿವು, ರೋಗ, ಅಕ್ಷರಗಳ ಬಗ್ಗೆ ಮಾತಾಡುತ್ತವಲ್ಲ, ಅಂಥದೇ ಒಂದು ಸಭೆಯನ್ನು ಅವರು ಕಾಲೇಜಿನ ಹಾಲ್‌ನಲ್ಲಿ ನಮ್ಮಿಂದ ಮಾಡಿಸುತ್ತಿದ್ದರು. ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ದೇಶ.

ಚೀಟಿ ಎತ್ತಿದಾಗ ನನಗೆ ಬ್ರೆಜಿಲ್ ಬಂತು. ಅಲ್ಲಿನವರಿಗೂ ನಮ್ಮ ಕೊಂಕಣಿ ಕ್ರಿಸ್ತರ ಹಾಗೆ ಪೋರ್ಚುಗೀಸ್ ಹೆಸರುಗಳಿವೆ ಎಂದು ತಿಳಿದು ಹಿಗ್ಗಿ, ದೊಡ್ಡಮ್ಮನ ಮದುವೆ ಕಾಲದ ಹ್ಯಾಟ್ ಒಂದನ್ನು ಕೇಳಿ ತಂದು ತಲೆಗೆ ಇಟ್ಟುಕೊಂಡು ಕೂತೆ. ರಷ್ಯಾ ಆದವನು ಸದಾನಂದ. ಹೋಟೆಲಿನವರ ಮಗ, ಹಗ್ಗಜಗ್ಗಾಟದ ಕಾಲೇಜು ತಂಡದ ಕ್ಯಾಪ್ಟನ್, ಗಟ್ಟಿ ಗಂಟಲಿನವನು. ಅವನು ಎದ್ದು ನಿಂತರೆ ಸಾಕು, ಸಣ್ಣಪುಟ್ಟ ದೇಶಗಳು ಸುಮ್ಮನಾಗುತ್ತಿದ್ದವು.

ಆ ದಿನದ ನಿರ್ಣಯ ಸಿಡುಬಿನ ಮೇಲೆ. ರೋಗಿಗಳನ್ನು ಗುಣಪಡಿಸುವುದಲ್ಲ, ಭೂಮಿಯ ಮೇಲೆ ಆ ರೋಗವೇ ಇಲ್ಲದಂತೆ ಮಾಡುವುದು; ಜಗತ್ತು ನಿಜವಾಗಿಯೂ ಅಂಥದೊಂದು ಪಣ ತೊಟ್ಟಿದೆ ಎಂದು ಹೆಗ್ಡೆ ಸರ್ ಹೇಳಿದರು. ಎಷ್ಟು ಊರು, ಎಷ್ಟು ಕಾಡು, ಎಷ್ಟು ತೋಳು! ಹೊರಗೆ ಗುಲ್‌ಮೊಹರ್ ಮರದಡಿ ಕಡಲೆ ಮಾರುವವನಿಂದ ಹಿಡಿದು ನಾನು ಹೆಸರೂ ಕೇಳದ ನದಿಯ ದಡದ ಮಗುವಿನ ತನಕ ಒಬ್ಬರನ್ನೂ ಬಿಡದೆ ಲಸಿಕೆ ಮುಟ್ಟಿಸಬೇಕಲ್ಲ ಎಂದು ಯೋಚಿಸಿದರೆ ತಲೆ ತಿರುಗುತ್ತಿತ್ತು. ಬ್ರೆಜಿಲ್ ಕೈ ಎತ್ತಿತು, ರಷ್ಯಾ ಎತ್ತಿತು, ಎಲ್ಲರೂ ಎತ್ತಿದರು. ಸರ್ವಾನುಮತ. ಚಪ್ಪಾಳೆ ನಿಂತ ಮೇಲೆ ಹೆಗ್ಡೆ ಸರ್ ಕನ್ನಡಕ ಒರೆಸುತ್ತ ಕೇಳಿದರು, "ನಿರ್ಣಯ ಪಾಸಾಯ್ತು. ಇನ್ನು ಬೆಂಗ್ರೆಗೆ ಯಾರೆಲ್ಲ ಹೋಗ್ತೀರಿ?"

ಹಡಗಿನಲ್ಲಿ ದುಡಿಯುತ್ತಿದ್ದ ಬೆಂಗ್ರೆಯ ಒಬ್ಬ ಆ ವಾರವಷ್ಟೇ ಊರಿಗೆ ಮರಳಿದ್ದ. ಮೈತುಂಬ ಸಿಡುಬು ಎದ್ದಿತ್ತು. ಬೆಂಗ್ರೆಯೆಂದರೆ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿ, ಮೀನುಗಾರರ ಊರು. ಪೇಟೆಯಿಂದ ಕಾಣುತ್ತದೆ, ಕೂಗಿದರೆ ಕೇಳಿಸೀತು ಎನ್ನುವಷ್ಟು ಹತ್ತಿರ. ಆದರೆ ಹೋಗಬೇಕೆಂದರೆ ದೋಣಿ ಹತ್ತಿ ಹೊಳೆ ದಾಟಬೇಕು. ನಾನು ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲೇ, ಅಲ್ಲಿಯ ತನಕ ಒಮ್ಮೆಯೂ ಆಚೆ ದಡಕ್ಕೆ ಹೋಗಿರಲಿಲ್ಲ.

ಬೆಂಗ್ರೆಯೇ ನಮ್ಮ ಮನೆಗೆ ಬರುತ್ತಿತ್ತು. ಕಲ್ಯಾಣಿಯಕ್ಕ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನಾನು ಫ್ರಾಕ್ ಹಾಕುವ ಕಾಲದಿಂದಲೂ ನಾವಿದ್ದ ಮಣ್ಣಗುಡ್ಡಕ್ಕೆ ಬರುತ್ತಿದ್ದರು. ಗಂಡ ಕಡಲಿನಲ್ಲಿ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗಳು ವಾರಿಜ ಬಾಣಂತನಕ್ಕೆಂದು ತಾಯಿಯ ಮನೆಗೆ ಬಂದವಳು, ಮೂರು ತಿಂಗಳ ಗಂಡು ಕೂಸಿನೊಡನೆ ಇನ್ನೂ ಅಲ್ಲೇ ಇದ್ದಳು. ಸಭೆಯಲ್ಲಿ ನಾನು ಬ್ರೆಜಿಲ್ ಆಗಿ ಕೈ ಎತ್ತಿದ ಮರುದಿನ ಬೆಳಿಗ್ಗೆ ಕಲ್ಯಾಣಿಯಕ್ಕ ಗೇಟಿನ ಹತ್ತಿರ "ಬಾಯಮ್ಮಾ, ಬಂಗುಡೆ!" ಎಂದು ಕೂಗಿದರು. ನನ್ನ ತಾಯಿ, ನಾವು ಮಾಂಯ್ ಎನ್ನುತ್ತೇವೆ, ಗೇಟಿನ ಅಗುಳಿ ತೆಗೆಯಲಿಲ್ಲ.

"ಈ ವಾರ ಬೇಡ ಕಲ್ಯಾಣಿ. ಬೆಂಗ್ರೆಯಲ್ಲಿ ಅದು ಉಂಟಂತಲ್ಲ."

"ನನ್ನ ಮನೇಲಿ ಇಲ್ಲ ಬಾಯಮ್ಮ. ಎರಡು ಅಂಗಳದ ಆಚೆ."

"ಇಲ್ಲಿ ಮಕ್ಕಳು ಮರಿ ಇದ್ದಾರೆ ಮಾರಾಯ್ತಿ, ಬೇಜಾರು ಮಾಡ್ಬೇಡ."

"ಅಲ್ಲಿಯೂ ಇದ್ದಾರೆ," ಎಂದು ಕಲ್ಯಾಣಿಯಕ್ಕ ಬುಟ್ಟಿ ಎತ್ತಿಕೊಂಡು ಮುಂದಿನ ಗೇಟಿಗೆ ಹೋದರು. ಅಲ್ಲಿಯೂ ಅಗುಳಿ ತೆಗೆಯಲಿಲ್ಲ. ನಾನು ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಇಡೀ ಬೀದಿ ಬಾಗಿಲು ಮುಚ್ಚುವುದನ್ನು ನೋಡಿದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಗಾದೆಯೇ ಇದೆಯಲ್ಲ. ಮಧ್ಯಾಹ್ನ ಕಾಲೇಜಿಗೆ ಹೋಗಿ ಹೆಗ್ಡೆ ಸರ್ ಹತ್ತಿರ ಬೆಂಗ್ರೆಗೆ ಹೋಗುವವರ ಪಟ್ಟಿಗೆ ನನ್ನ ಹೆಸರು ಹೇಳಿದೆ.

ಭಾನುವಾರ ಹೊಳೆ ದಾಟಿದೆವು. ದಸರಾ ಕಳೆದು ಆಕಾಶ ತೊಳೆದಿಟ್ಟ ಹಾಗಿತ್ತು. ಬೆಳಗಿನ ಹೊತ್ತು ಮೂಡುಗಾಳಿ ಹೊಳೆಯ ಮೇಲಿನ ಮಂಜನ್ನು ಮೆಲ್ಲಗೆ ಕಡಲಿನ ಕಡೆಗೆ ದೂಡುತ್ತಿತ್ತು. ಶಾಲೆಯಲ್ಲೇ ಲಸಿಕೆ ಹಾಕಿಸಿಕೊಂಡಿದ್ದ ಹದಿನೈದು ಇಪ್ಪತ್ತು ವಿದ್ಯಾರ್ಥಿಗಳು, ಹೆಗ್ಡೆ ಸರ್, ಮತ್ತು ಲಸಿಕೆಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡ ಹೆಲ್ತ್ ಇನ್‌ಸ್ಪೆಕ್ಟರ್. ದೋಣಿ ನಡೆಸುತ್ತಿದ್ದ ಮುಸಲ್ಮಾನ ಹಿರಿಯರು, ಬ್ಯಾರಿ ಕಾಕ, ನಮ್ಮನ್ನೆಲ್ಲ ನೋಡಿ, "ಇಷ್ಟು ಜನ ಆಚೆಗೆ? ಎಂತ, ಮದುವೆಯಾ?" ಎಂದರು.

ಆಚೆ ದಡದಲ್ಲಿ ಒಂದು ಚಪ್ಪರದ ಕೆಳಗೆ ಊರು ಸೇರಿತ್ತು. ನಡುವೆ ಗುರಿಕಾರ ದೂಮಣ್ಣ. ಗುರಿಕಾರನೆಂದರೆ ಮೀನುಗಾರರ ಊರಿನ ಹಿರಿಯ. ಅವನ ಮಾತು ಮೀರಿ ಅಲ್ಲಿ ದೋಣಿಯೂ ನೀರಿಗಿಳಿಯದು. ಸದಾನಂದ ಎದ್ದು ನಿಂತು, "ಸಮಸ್ತ ಮನುಕುಲದ ಒಳಿತಿಗಾಗಿ..." ಎಂದು ಸಭೆಯ ಭಾಷಣವನ್ನೇ ಶುರುಮಾಡಿದ. ಅಲ್ಲಿನವರು ಮರ್ಯಾದೆಯಿಂದ ಕೇಳಿದರು. ಭಾಷಣ ಮುಗಿದ ಮೇಲೆ ದೂಮಣ್ಣ ಹೆಗ್ಡೆ ಸರ್ ಕಡೆಗೆ ತಿರುಗಿ ತುಳುವಿನಲ್ಲಿ, "ಹುಡುಗನ ಸ್ವರ ಒಳ್ಳೆದುಂಟು ಮಾಸ್ಟ್ರೆ. ಈಗ ಎಂತ ಮಾಡ್ಬೇಕಂತ ನೀವು ಹೇಳಿ" ಎಂದರು. ಅಲ್ಲಿ ನಡೆದ ಮಾತೆಲ್ಲ ತುಳುವಿನಲ್ಲೇ. ನಾನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಎಲ್ಲರೂ ಲಸಿಕೆ ಹಾಕಿಸಿಕೊಳ್ಳಬೇಕು ಎಂದರು ಸರ್. ಯಾರೂ ಬೇಡ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಕೊನೆಗೆ ಮಾತಾಡಿದವರು ಹೆಂಗಸರ ಗುಂಪಿನಲ್ಲಿದ್ದ ಕಲ್ಯಾಣಿಯಕ್ಕ.

"ಮಾರಿಯ ಹೆದರಿಕೆ ನಮಗೂ ಉಂಟು ಮಾಸ್ಟ್ರೆ. ಆದ್ರೆ ಚುಚ್ಚಿಸಿಕೊಂಡ್ರೆ ವಾರ ಕಳೆಯುವಾಗ ತೋಳು ಬಾತುಕೊಳ್ತದೆ, ಕಂಕುಳಲ್ಲಿ ಗಡ್ಡೆ, ಜ್ವರ. ಇದು ಬಂಗುಡೆಯ ಕಾಲ. ಕೈ ಎತ್ತಲಿಕ್ಕಾಗದಿದ್ರೆ ಹಗ್ಗ ಹಿಡಿಯುವುದು ಹೇಗೆ? ಹಗ್ಗ ಹಿಡಿಯದಿದ್ರೆ ಪಾಲೆಲ್ಲಿ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ಮೀನು ಹಿಡಿಯುತ್ತಿದ್ದದ್ದು ರಂಪಣಿ ಬಲೆಯಿಂದ. ಒಬ್ಬರ ಬಲೆಯಲ್ಲ ಅದು, ಇಡೀ ಊರಿನದು. ಮನೆಮನೆಯವರೂ ತಮ್ಮ ತುಂಡು ತಂದು ಜೋಡಿಸಿ ಆದ ದೈತ್ಯ ಬಲೆ. ದೋಣಿಯವರು ಅದನ್ನು ಕಡಲಿನಲ್ಲಿ ಕಮಾನಿನ ಹಾಗೆ ಹರಡಿ ಬರುತ್ತಾರೆ, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಊರವರು ಎರಡು ಸಾಲಾಗಿ ನಿಂತು ಎಳೆಯುತ್ತಾರೆ. ಬೆಂಗ್ರೆಯ ಕಟ್ಟಳೆ ಒಂದೇ. ಹಗ್ಗಕ್ಕೆ ಕೈ ಹಾಕಿದವರಿಗೆ ಪಾಲು. ಮುದುಕನಿರಲಿ, ವಿಧವೆಯಿರಲಿ, ಕೈ ಹಗ್ಗದ ಮೇಲಿದ್ದರೆ ಪಾಲು ಉಂಟು. ಕೈ ಇಲ್ಲದಿದ್ದರೆ ಗುರಿಕಾರನಿಗೂ ಇಲ್ಲ. ಮಳೆಗಾಲವಿಡೀ ಖಾಲಿ ಕೂತ ಊರು ಹೊಟ್ಟೆ ತುಂಬಿಸಿಕೊಳ್ಳುವುದು ಈ ಕೆಲವು ತಿಂಗಳಲ್ಲಿ. ಗಂಡು ದಿಕ್ಕಿಲ್ಲದ ಕಲ್ಯಾಣಿಯಕ್ಕನ ಮನೆಗೆ ಅವರ ಕೈಯೇ ಆಧಾರ. ನಾವು ಹೋಗಿ ಆ ಕೈಯನ್ನೇ ಕೇಳುತ್ತಿದ್ದೆವು.

"ಮಗುವಿಗಾದ್ರೂ ಹಾಕಿಸಿ," ಎಂದೆ ನಾನು.

"ಊರು ಒಪ್ಪದ್ದನ್ನು ನಾನೊಬ್ಬಳು ಮಾಡಿದ್ರೆ ನಾಳೆ ಹಗ್ಗದಲ್ಲಿ ನನಗೆ ಜಾಗ ಎಲ್ಲುಂಟು ಲಿಲ್ಲಿ ಬಾಯಿ?" ಎಂದರು. ಆಮೇಲೆ ನಮ್ಮ ಗುಂಪನ್ನು ಮೇಲಿಂದ ಕೆಳಗೆ ನೋಡಿ, ತಮಾಷೆಯೋ ಸಿಟ್ಟೋ ತಿಳಿಯದ ಸ್ವರದಲ್ಲಿ, "ನಮ್ಮ ಕೈ ಬಾತುಕೊಂಡ್ರೆ ನಮ್ಮ ಬದಲಿಗೆ ನೀವು ಎಳೀತೀರಾ?" ಎಂದು ಕೇಳಿದರು.

ಹೆಂಗಸರು ನಕ್ಕರು. ಸದಾನಂದ ನಗಲಿಲ್ಲ. "ಎಳೀತೇವೆ," ಎಂದ.

ಚಪ್ಪರದಲ್ಲಿ ಗುಜುಗುಜು ಎದ್ದಿತು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೈ ಹಾಕಿ ಪಾಲು ಕೊಡಿಸಿದ್ದು ಕೇಳಿಲ್ಲ ಎಂದರು ಹಿರಿಯರು. ದೂಮಣ್ಣನೂ ತಲೆಯಾಡಿಸಿದರು. ಆಗ ಕಲ್ಯಾಣಿಯಕ್ಕ ಎದ್ದು ನಿಂತರು. "ನನ್ನ ಗಂಡ ಹೋದ ಮೇಲೆ ಅವರ ಜಾಗದಲ್ಲಿ ನಾನು ಕೈ ಹಾಕಿದೆ. ಆಗ ಅದು ಯಾರ ಕೈ ಅಂತ ಯಾರೂ ಕೇಳ್ಲಿಲ್ಲ. ನೀವೇ ಕರೆದು ಪಾಲು ಕೊಟ್ರಿ ಗುರಿಕಾರ್ರೆ." "ಅದು ಹೌದು," ಎಂದರು ದೂಮಣ್ಣ. ಅರ್ಧ ಊರು ಈಗ, ಅವರ ತೋಳು ಸರಿಯಾದ ಮೇಲೆ ಉಳಿದರ್ಧ ಎಂದು ತೀರ್ಮಾನವಾಯಿತು. ನಿರ್ಣಯ ಪಾಸಾಗುವುದೆಂದರೆ ಏನೆಂದು ನನಗೆ ತಿಳಿದದ್ದು ಆ ಚಪ್ಪರದಲ್ಲಿ.

ಕಲ್ಯಾಣಿಯಕ್ಕ ಮೊದಲ ಸರದಿಯಲ್ಲೇ ತೋಳು ಕೊಟ್ಟರು. ಮಗುವಿಗೆ ಅಂದು ನೆಗಡಿ, ಜ್ವರ. ಮುಂದಿನ ಸರದಿಗೆ ನೋಡುವ ಎಂದರು ಇನ್‌ಸ್ಪೆಕ್ಟರ್. ಮಗುವನ್ನು ಬಿಟ್ಟು ತಾನು ಹಾಕಿಸಿಕೊಳ್ಳುವುದಿಲ್ಲವೆಂದು ವಾರಿಜಳೂ ಹಿಂದೆ ಸರಿದಳು.

ಕಲ್ಯಾಣಿಯಕ್ಕ ಹೇಳಿದ ಹಾಗೆಯೇ ಆಯಿತು. ವಾರ ಕಳೆಯುವಾಗ ತೋಳುಗಳು ಬಾತವು. ನಾವು ಪಾಳಿ ಹಾಕಿಕೊಂಡು ದಿನಾ ಬೆಳಿಗ್ಗೆ ಹೊಳೆ ದಾಟತೊಡಗಿದೆವು. ಮಾಂಯ್ ರಂಪ ಮಾಡಿದರು. "ಮದುವೆಗೆ ಬಂದ ಹುಡುಗಿ ಗಂಡಸರ ಸಾಲಿನಲ್ಲಿ ನಿಂತು ಹಗ್ಗ ಎಳೆಯುವುದಾ? ಯಾರು ಕಟ್ಟಿಕೊಳ್ತಾರೆ ನಿನ್ನನ್ನು?" ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಪಪ್ಪಾ ಪೇಪರಿನ ಮರೆಯಿಂದ, "ಎಳೆಯಲಿ ಬಿಡು. ಮುಂದೆ ಸಂಸಾರ ಎಳೆಯಲಿಕ್ಕೆ ಅಭ್ಯಾಸ ಆಗ್ತದೆ," ಎಂದರು. ಸಂಜೆ ನನ್ನ ಅಂಗೈ ಬೊಬ್ಬೆ ನೋಡಿ ಮಾಂಯ್ ಗೊಣಗುತ್ತಲೇ ಕೊಬ್ಬರಿ ಎಣ್ಣೆ ಹಚ್ಚಿದರು. "ಬ್ರೆಜಿಲಿನಲ್ಲಿ ಇದೇ ಕೆಲಸವಾ?" ಎಂದು ಕೇಳುವುದನ್ನೂ ಬಿಡಲಿಲ್ಲ.

ಆ ಬೆಳಗುಗಳನ್ನು ಹೇಗೆ ಹೇಳಲಿ! ದೂಮಣ್ಣ ನಮ್ಮನ್ನು ಒಟ್ಟಿಗೆ ನಿಲ್ಲಿಸಲಿಲ್ಲ. ಇಬ್ಬರು ಊರವರ ನಡುವೆ ಒಬ್ಬ ವಿದ್ಯಾರ್ಥಿ. ಹಗ್ಗ ಹಿಡಿದು ಹಿಂದೆ ಹಿಂದೆ ನಡೆಯಬೇಕು. ಸಾಲಿನ ತುದಿ ತಲುಪಿದವರು ಹಗ್ಗ ಬಿಟ್ಟು, ಓಡಿ ಹೋಗಿ, ನೀರಿನ ಅಂಚಿನಲ್ಲಿ ಮತ್ತೆ ಹಿಡಿಯಬೇಕು. ಹಾಗಾಗಿ ಆ ಸಾಲಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಈಗ ಗುರಿಕಾರರ ಹಿಂದೆ ಇದ್ದವಳು ಇನ್ನೊಂದು ಗಳಿಗೆಯಲ್ಲಿ ಅವರ ಮುಂದೆ. ಒಬ್ಬರು ಹಾಡಿದಂತೆ ಕೂಗಿದರೆ ಉಳಿದವರೆಲ್ಲ ಐಸಾ ಎನ್ನುತ್ತಿದ್ದರು. ಬಲೆಯ ನಡುಭಾಗದ ಮೇಲೆ ದೋಣಿಯಲ್ಲಿ ನಿಂತವನು ಬಟ್ಟೆ ಬೀಸಿದರೆ ಎಳೆಯಬೇಕು, ಇಳಿಸಿದರೆ ನಿಲ್ಲಬೇಕು. ಹಗ್ಗದ ಆ ತುದಿಯಲ್ಲಿ ಏನಿದೆ ಎಂದು ನಮಗೆ ಕಾಣುತ್ತಿರಲಿಲ್ಲ. ಆದರೆ ಅದು ಕೈಗೆ ಗೊತ್ತಾಗುತ್ತಿತ್ತು. ಮೊದಲ ಸಲ ಹಗ್ಗದೊಳಗಿಂದ ಸಾವಿರಾರು ಜೀವಗಳ ನಡುಕ ನನ್ನ ಅಂಗೈಗೆ ತಾಗಿದಾಗ, ಪೂಜೆಯ ಹೊತ್ತಿನಲ್ಲಿ ಇಗರ್ಜಿಯಲ್ಲಿ ಮಾಡುವ ಹಾಗೆ ತಲೆ ತಗ್ಗಿಸಿದೆ. ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಬಂಗುಡೆಗಳು ಒಂದರ ಮೇಲೊಂದು ಚಿಮ್ಮುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದಂತೆ ಕೇಳುತ್ತಿತ್ತು.

ಮೀನು ಗುಡ್ಡೆ ಹಾಕಿ ಪಾಲು ಮಾಡುವಾಗ ದೂಮಣ್ಣ ಒಂದೊಂದು ಗುಡ್ಡೆಯ ಮುಂದೆ ನಿಂತು "ಕಲ್ಯಾಣಿಯ ಕೈ" ಎಂದು ಕೂಗುತ್ತಿದ್ದರು. ಕಲ್ಯಾಣಿಯಕ್ಕ ಬಾತ ತೋಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಇನ್ನೊಂದು ಕೈಯಲ್ಲಿ ಪಾಲು ತುಂಬಿಕೊಳ್ಳುತ್ತಿದ್ದರು. ಅವರ ಕೈಯಾಗಿ ಹಗ್ಗ ಹಿಡಿದವಳು ನಾನು. ಯಾವ ಪರೀಕ್ಷೆಯ ಫಲಿತಾಂಶ ಓದಿದಾಗಲೂ ನನಗೆ ಅಷ್ಟು ಸಂತೋಷವಾಗಿಲ್ಲ.

ಚುಚ್ಚಿದ ತೋಳು ಬಾತುಕೊಳ್ಳಲು ವಾರ ಹಿಡಿಯುವುದರಿಂದ, ಮೊದಲಿನವರ ತೋಳು ಪೂರ್ತಿ ವಾಸಿಯಾಗುವ ಮುಂಚೆಯೇ ಎರಡನೆಯ ಸರದಿಗೆ ದಿನ ಗೊತ್ತಾಯಿತು. ಅಷ್ಟರಲ್ಲಿ, ಆ ಹಡಗಿನವನ ತಮ್ಮನಿಗೂ ಸಿಡುಬು ಎದ್ದಿತು. ಕಲ್ಯಾಣಿಯಕ್ಕನ ಮನೆಯಿಂದ ಎರಡು ಅಂಗಳ ಅಷ್ಟೇ. ಅವರ ತಮಾಷೆ ನಿಂತುಹೋಯಿತು. ನಾವು ದೋಣಿ ಇಳಿದೊಡನೆ ಇನ್‌ಸ್ಪೆಕ್ಟರ್ ಬಂದರೇ ಎಂದು ಕೇಳುವರು. ಬಾಣಂತಿಯನ್ನೂ ಮಗುವನ್ನೂ ಒಳಕೋಣೆಯಲ್ಲಿಟ್ಟು ಹೊಸ್ತಿಲಲ್ಲಿ ತಾವೇ ಮಲಗುತ್ತಿದ್ದರಂತೆ.

ಸರದಿಯ ಮುಂಚಿನ ದಿನ ದೊಡ್ಡ ಹಿಂಡು ಬಂತು. ನಾವು ದಡಕ್ಕೆ ಬರುವಾಗಲೇ ಊರೆಲ್ಲ ಮರಳಿನ ಮೇಲಿತ್ತು. ಕಡಲಿನಲ್ಲಿ ನೀರಿನ ಬಣ್ಣ ತಿರುಗಿ, ನೇರಳೆ ಹಣ್ಣಿನ ಬಣ್ಣದ ಒಂದು ನೆರಳು ನಿಧಾನವಾಗಿ ಸರಿಯುತ್ತಿತ್ತು. ಮೇಲೆ ಮೋಡವಿರಲಿಲ್ಲ. ಅದು ಮೀನು ಎಂದು ನಂಬಲು ನನಗೆ ಹೊತ್ತು ಹಿಡಿಯಿತು. ನಮ್ಮ ಕಾಲೇಜು ಮೈದಾನದಂಥ ಎರಡು ಮೈದಾನ ಅದರೊಳಗೆ ಹಿಡಿಸುತ್ತಿದ್ದವು. ಇಂಥದನ್ನು ಕಂಡು ವರ್ಷಗಳಾದವು ಎಂದು ಮುದುಕಿಯರು ಕೈಮುಗಿದರು. ಬಾತ ತೋಳಿನವರೂ ಎದ್ದು ಬಂದು ಸಾಲಾಗಿ ನಿಂತು ನೋಡುತ್ತಿದ್ದರು.

ಬಲೆ ಬಿದ್ದಿತು. ಆ ಗಡಿಬಿಡಿಯಲ್ಲಿ ನಾವು ವಿದ್ಯಾರ್ಥಿಗಳೆಲ್ಲ ಬಡಗು ಹಗ್ಗದಲ್ಲಿ ಒಟ್ಟಾಗಿಬಿಟ್ಟೆವು. ಒಂದು ವಾರ ಎಳೆದು ನಮಗೂ ಸ್ವಲ್ಪ ಜಂಬ ಬಂದಿತ್ತು. ಗೆಳೆಯರು ಪಕ್ಕಪಕ್ಕದಲ್ಲಿದ್ದರೆ ಬರುವ ಹುಮ್ಮಸ್ಸು ಬೇರೆ. ಎದುರಿಗೆ ಅಷ್ಟು ಮೀನು! ಸದಾನಂದ ಮುಂದೆ ನಿಂತವನು ಎಲ್ಲಿದ್ದೇನೆಂದು ಮರೆತ. ಕಾಲೇಜಿನ ಜಗ್ಗಾಟದ ಕೂಗನ್ನೇ ಹಾಕಿದ. ನಾವೆಲ್ಲ ಹಿಮ್ಮಡಿ ಮರಳಿಗೆ ಹೂತು, ಒಂದೇ ದಮ್ಮಿಗೆ, ಎದುರಾಳಿ ತಂಡವನ್ನು ಎಳೆಯುವ ಹಾಗೆ ಎಳೆದೆವು. ದೋಣಿಯಲ್ಲಿದ್ದವನು ಬಟ್ಟೆ ಇಳಿಸಿ ಕೂಗುತ್ತಿದ್ದ. ತೆಂಕು ಹಗ್ಗದವರೂ ಕೂಗುತ್ತಿದ್ದರು. ನಮಗೆ ಅದೆಲ್ಲ ಹುರಿದುಂಬಿಸುವ ಕೂಗಿನಂತೆ ಕೇಳಿತು.

ಹಗ್ಗ ಒಮ್ಮೆಲೇ ಹಗುರಾಯಿತು. ನಾವೆಲ್ಲ ಬೆನ್ನ ಮೇಲೆ ಬಿದ್ದೆವು. ಒಂದು ಬದಿ ಮುಂದಾಗಿ ಬಲೆ ಓರೆಯಾಗಿ, ಅದರ ಬುಡ ಮರಳು ಬಿಟ್ಟು ಮೇಲೆದ್ದಿತ್ತು. ಎದ್ದು ನೋಡುವಾಗ ಆ ನೇರಳೆ ನೆರಳು ಎರಡಾಗಿ ಸೀಳಿ, ದೊಡ್ಡ ಪಾಲು ಬಲೆಯ ಅಡಿಯಿಂದ ಹೊರಗೆ ಹರಿಯುತ್ತಿತ್ತು. ಆ ಪಾಲಿನಲ್ಲಿ ಒಂದು ಮೀನೂ ಸಾಲು ತಪ್ಪಲಿಲ್ಲ, ಒಂದೂ ಅವಸರಪಡಲಿಲ್ಲ. ನಮ್ಮ ತಪ್ಪಿನ ಮಧ್ಯದಲ್ಲೂ ನಾನು ಬಾಯಿ ತೆರೆದು ನೋಡಿದೆ, ಅಷ್ಟು ಚಂದ ಇತ್ತು. ಆಮೇಲೆ ಹಿಂದೆ ತಿರುಗಿದೆ. ತೋಳು ಕಟ್ಟಿಕೊಂಡ ಜನ ಸಾಲಾಗಿ ನಿಂತು ಅದನ್ನೇ ನೋಡುತ್ತಿದ್ದರು.

ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಒಬ್ಬ ಹುಡುಗ ಮಾತ್ರ, "ನಿಮ್ಮ ಜಗ್ಗಾಟ ಕಾಲೇಜಿನಲ್ಲಿ ಇಟ್ಟುಕೊಳ್ಳಿ ಮಾರಾಯ್ರೆ!" ಎಂದು ಕೂಗಿ ಹಗ್ಗವನ್ನು ಮರಳಿಗೆ ಎಸೆದು ಹೋದ. ಉಳಿದ ಮೀನು ದಡಕ್ಕೆ ಬಂತು. ಗುಡ್ಡೆಗಳು ಸಣ್ಣವು. ದೂಮಣ್ಣ "ಕಲ್ಯಾಣಿಯ ಕೈ" ಎಂದು ಕೂಗಿದರು. ಕಲ್ಯಾಣಿಯಕ್ಕ ಬಂದು ಪಾಲು ತುಂಬಿಕೊಂಡು, ನನ್ನ ಮುಖ ನೋಡದೆ ಮನೆಯ ಕಡೆ ನಡೆದರು. ಸದಾನಂದ ದೂಮಣ್ಣನ ಮುಂದೆ ಹೋಗಿ ನಿಂತ. "ನಾಳೆ ನೋಡುವ," ಎಂದರು ದೂಮಣ್ಣ. ಅದರ ಅರ್ಥ ಏನೆಂದು ಕೇಳುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ.

ಹಿಂದೆ ಬರುವಾಗ ದೋಣಿಯಲ್ಲಿ ಹೆಗ್ಡೆ ಸರ್ ನೀರಿಗೆ ಬೆರಳು ಅದ್ದಿಕೊಂಡು ಕೂತಿದ್ದರು. "ನಿರ್ಣಯ ಇನ್ನೊಮ್ಮೆ ಪಾಸು ಮಾಡ್ಬಹುದು," ಎಂದರು, "ಆ ಹಿಂಡು ಇನ್ನೊಮ್ಮೆ ಬರ್ಲಿಕ್ಕಿಲ್ಲ." ನನಗೆ ಹಿಂಡಿನ ಚಿಂತೆ ಇರಲಿಲ್ಲ. ನಾಳೆ ಊರು ಬೇಡ ಎಂದರೆ ಕಲ್ಯಾಣಿಯಕ್ಕ ಮಗುವನ್ನು ಹೊರತರುವುದಿಲ್ಲ ಎಂದು ಮಾತ್ರ ಗೊತ್ತಿತ್ತು. ಅವರ ಮನೆಯಿಂದ ಎರಡು ಅಂಗಳದಾಚೆ ಇಬ್ಬರು ಮಲಗಿದ್ದರು. ಮನೆಗೆ ಬಂದು ಮಾಂಯ್ ಎದುರು ಕೂತು ಅತ್ತುಬಿಟ್ಟೆ. ಅವರು ಆ ದಿನ ಬ್ರೆಜಿಲಿನ ಮಾತೆತ್ತಲಿಲ್ಲ.

ಮರುದಿನ ಬೆಳಿಗ್ಗೆ ದೋಣಿಕಟ್ಟೆಗೆ ಹೋದವರು ನಾವು ಏಳೆಂಟು ಮಂದಿಯಷ್ಟೇ. ಉಳಿದವರಿಗೆ ಮುಖ ತೋರಿಸಲು ನಾಚಿಕೆ. ಕ್ಷಮೆ ಕೇಳಿ ಬರುವುದೆಂದು ನಮ್ಮ ಲೆಕ್ಕ. ಇನ್‌ಸ್ಪೆಕ್ಟರ್ ಪೆಟ್ಟಿಗೆ ತಂದಿದ್ದರು, ಆದರೆ ಅವರಿಗೂ ಭರವಸೆ ಇರಲಿಲ್ಲ. ಮಂಜು ದಟ್ಟವಾಗಿದ್ದು ಆಚೆ ದಡ ಕಾಣಲಿಲ್ಲ. ದೋಣಿ ಮರಳು ತಾಗುವಷ್ಟು ಹತ್ತಿರ ಬಂದ ಮೇಲೆ ಜನ ಕಂಡರು.

ಚಪ್ಪರದ ಕೆಳಗೆ ಮೇಜು ಇಟ್ಟಾಗಿತ್ತು. ಯಾರದೋ ಮನೆಯ ಬಿಳಿ ಬಟ್ಟೆ ಹಾಸಿ, ಕುಡಿಯುವ ನೀರಿನ ಚೆಂಬು ಇಟ್ಟಿದ್ದರು. ಮೇಜಿನ ಮುಂದೆ ಉಳಿದರ್ಧ ಊರಿನ ಬಹುಮಂದಿ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಅಂಗಿ ಕಳಚಿ ಹೆಗಲಿಗೆ ಹಾಕಿಕೊಂಡ ದೂಮಣ್ಣ, ಅವರ ಹಿಂದೆ ಮಗುವನ್ನು ಎದೆಗವಚಿಕೊಂಡ ವಾರಿಜ. ಆಚೆ ಕಡಲಿನಲ್ಲಿ ಬಲೆ ಬಿದ್ದಾಗಿತ್ತು, ಸರದಿಗೆ ಕಾಯುವ ಇತರರು ಹಿಡಿದಿದ್ದ ಹಗ್ಗದ ಸಾಲಿನಲ್ಲಿ ಅಲ್ಲಲ್ಲಿ ಜಾಗ ಖಾಲಿ ಇತ್ತು.

ಸದಾನಂದ ಹೇಗೋ ಬಾಯಿ ತೆರೆದ. "ದೂಮಣ್ಣ, ನಿನ್ನೆ ನಾವು..."

"ಮೀನು ತಪ್ಪಿಸಿಕೊಂಡದ್ದು ನಮ್ಮ ಕೈಯಿಂದಲೂ ಉಂಟು ಮಾರಾಯ," ಎಂದರು ದೂಮಣ್ಣ. "ನನ್ನ ಕೈಯಿಂದಲೇ ಎಷ್ಟು ಸಲ! ಮೀನು ಬಿಟ್ಟವರನ್ನೆಲ್ಲ ಹಗ್ಗದಿಂದ ಬಿಡಿಸಿದ್ರೆ ಈ ಬೆಂಗ್ರೆಯಲ್ಲಿ ಹಗ್ಗ ಹಿಡಿಯಲಿಕ್ಕೆ ಯಾರು ಉಳೀತಾರೆ?"

ಆ ವರ್ಷ ಬೆಂಗ್ರೆಯಲ್ಲಿ ಸಿಡುಬು ಎರಡನೆಯ ಮನೆಗೆ ಹೋಗಲಿಲ್ಲ. ಅಣ್ಣ ತಮ್ಮ ಇಬ್ಬರೂ ಮುಖದ ತುಂಬ ಕಲೆ ಹೊತ್ತು ಬದುಕಿಕೊಂಡರು. ಬಹಳ ವರ್ಷದ ಮೇಲೆ, ನಾನು ಟೀಚರಾಗಿ ತಲೆ ನರೆಯತೊಡಗಿದ ಕಾಲಕ್ಕೆ, ಆ ರೋಗ ಭೂಮಿಯ ಮೇಲೆಯೇ ಇಲ್ಲವಾಯಿತು ಎಂದು ರೇಡಿಯೋ ಹೇಳಿತು. ಕೇಳಿದವರಿಗೆ ಅದೊಂದು ಸುದ್ದಿ. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಲ್ಲೇ ನಿಂತೆ. ಆದರೆ ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ತೋಳು ಚಾಚಿ ನಿಂತವರಿಗೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

"ಲಿಲ್ಲಿ ಬಾಯಿ," ಎಂದು ಕಲ್ಯಾಣಿಯಕ್ಕ ಕರೆದರು. "ಎಂತ ನೋಡ್ತಾ ನಿಂತದ್ದು? ಬಲೆ ನೀರಿನಲ್ಲಿ ಉಂಟು. ನನ್ನ ಜಾಗ ಖಾಲಿ ಉಂಟು. ಹೋಗು. ಇವತ್ತು ಮೆಲ್ಲ ಎಳಿ."

ನಾನು ಓಡಿದೆ. ನಿನ್ನೆ ಹಗ್ಗ ಎಸೆದು ಹೋದ ಹುಡುಗ ಸ್ವಲ್ಪ ಸರಿದು ಜಾಗ ಕೊಟ್ಟ. ಹಗ್ಗ ಒದ್ದೆಯಾಗಿತ್ತು, ತಣ್ಣಗಿತ್ತು. ದೋಣಿಯವನು ಬಟ್ಟೆ ಎತ್ತಿದ. ಸಾಲು ಒಂದು ಹೆಜ್ಜೆ ಹಿಂದೆ ನಡೆಯಿತು, ನಾನೂ ನಡೆದೆ. ಆಗ ಹಿಂದಿನಿಂದ, ಚಪ್ಪರದ ಕಡೆಯಿಂದ, ಮಗು ಕಿಟಾರನೆ ಕಿರುಚಿತು. ನಾನು ಕೈ ಸಡಿಲಿಸಿ ತಿರುಗಲು ಹೋದೆ.

"ಆಯ್ತು, ಚುಚ್ಚಿ ಆಯ್ತು!" ಎಂದು ಕಲ್ಯಾಣಿಯಕ್ಕ ಅಲ್ಲಿಂದಲೇ ಕೂಗಿದರು. ನಗುತ್ತಿದ್ದರೋ ಅಳುತ್ತಿದ್ದರೋ ಸ್ವರದಿಂದ ತಿಳಿಯಲಿಲ್ಲ. "ಮಗುವನ್ನು ನಾವು ನೋಡಿಕೊಳ್ತೇವೆ. ನೀನು ಕಡಲು ನೋಡು!"

ನಾನು ಕಡಲು ನೋಡಿದೆ.